ಚಟಕ್ಕೆ ಕಾಯಿಲೆ ಎಂಬ ಹೆಸರು ಬಂದ ಬಗೆ

ಓಸಿ ಬರೆಸಿ ಗದ್ದೆ ಕಳೆದುಕೊಂಡವರಿಗೂ, ಕುಡಿದು ಆರೋಗ್ಯ ಕೆಡಿಸಿಕೊಂಡವರಿಗೂ ನಮ್ಮ ಊರುಗಳಲ್ಲಿ ಒಂದೇ ಮಾತು: 'ಚಟ ಹತ್ತಿದೆ'. ವೈದ್ಯರ ಪುಸ್ತಕದಲ್ಲಿ ಮಾತ್ರ ಈ ಇಬ್ಬರೂ ಒಂದೇ ಅಧ್ಯಾಯಕ್ಕೆ ಬರಲು 33 ವರ್ಷ ಹಿಡಿಯಿತು.

1972ರಲ್ಲಿ ಅಮೆರಿಕದ ಒಹಾಯೋದಲ್ಲಿ ರಾಬರ್ಟ್ ಕಸ್ಟರ್ ಎಂಬ ಮನೋವೈದ್ಯರು ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಜೂಜುಕೋರರನ್ನು ದಾಖಲು ಮಾಡಿಕೊಂಡು ಚಿಕಿತ್ಸೆ ಕೊಡಲು ಶುರು ಮಾಡಿದರು. ಅಂಥವರ ಪ್ರಯತ್ನದಿಂದಲೇ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಡಿಎಸ್‌ಎಂ-3, ಜೂಜಿನ ಚಟವನ್ನು ಮೊದಲ ಸಲ ಕಾಯಿಲೆ ಅಂತ ಬರೆದುಕೊಂಡಿತು. ಆದರೆ ಕುಡಿತದ ಪಕ್ಕದಲ್ಲಲ್ಲ. ಬೇಡದಿದ್ದರೂ ಕದಿಯುವ, ಬೆಂಕಿ ಹಚ್ಚುವ ತುಡಿತದ ಕಾಯಿಲೆಗಳ ಸಾಲಿನಲ್ಲಿ.

ಆದರೆ ಲಕ್ಷಣಗಳನ್ನೇ ನೋಡಿ. ಬರುಬರುತ್ತಾ ಜಾಸ್ತಿ ದುಡ್ಡು ಕಟ್ಟಿದರೇ ರೋಮಾಂಚನ, ಬಿಡಲು ಹೋದರೆ ಚಡಪಡಿಕೆ, ಮನೆಯವರಿಗೆ ಸುಳ್ಳು. ಕುಡಿತದಲ್ಲೂ ಇದೇ ಅಲ್ವಾ? ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದೆ. ಪಾರ್ಕಿನ್ಸನ್ ಕಾಯಿಲೆಗೆ, ಮಿದುಳಿನ ರಾಸಾಯನಿಕವಾದ ಡೋಪಮಿನ್‌ನಂತೆ ಕೆಲಸ ಮಾಡುವ ಕೆಲವು ಔಷಧಿ ಕೊಡುತ್ತಾರೆ. ಅದನ್ನು ತೆಗೆದುಕೊಂಡ ಕೆಲವರು, ಅಲ್ಲಿವರೆಗೆ ಜೂಜಿನ ತಂಟೆಗೇ ಹೋಗದವರು, ಇದ್ದಕ್ಕಿದ್ದಂತೆ ಜೂಜಿಗೆ ಬಿದ್ದರು, ಔಷಧಿ ಕಡಿಮೆ ಮಾಡಿದಾಗ ಎಷ್ಟೋ ಜನರಲ್ಲಿ ಆ ಸೆಳೆತವೂ ಇಳಿಯಿತು. ಇದನ್ನು ತಿಳಿದ ಮೇಲೆ ಯಾರಿಗೂ 'ಮನಸ್ಸು ಗಟ್ಟಿ ಮಾಡ್ಕೋ, ಸಾಕು' ಅನ್ನಲು ನನಗೆ ಬಾಯಿ ಬರುವುದಿಲ್ಲ.

2013ರಲ್ಲಿ ಡಿಎಸ್‌ಎಂ-5 ಜೂಜನ್ನು ಮದ್ಯ, ಮಾದಕ ವಸ್ತುಗಳ ಅಧ್ಯಾಯಕ್ಕೇ ಸೇರಿಸಿತು. 9 ಲಕ್ಷಣಗಳಲ್ಲಿ 4 ಒಂದು ವರ್ಷದೊಳಗೆ ಕಂಡರೆ ಕಾಯಿಲೆ. ಜೂಜಿನ ದುಡ್ಡಿಗಾಗಿ ಕಾನೂನು ಮುರಿಯುವುದು ಮೊದಲು ಲಕ್ಷಣಗಳ ಪಟ್ಟಿಯಲ್ಲಿತ್ತು, ಅದನ್ನು ತೆಗೆದರು.

ಇಂಟರ್ನೆಟ್ ಗೇಮ್‌ಗಳನ್ನು ಅದೇ ಪುಸ್ತಕ 'ಇನ್ನಷ್ಟು ಅಧ್ಯಯನ ಬೇಕು' ಅಂತ ಹಿಂದಿನ ಪುಟಗಳಿಗೆ ಕಳಿಸಿತು. ವಿಶ್ವ ಆರೋಗ್ಯ ಸಂಸ್ಥೆ ಒಂದು ಹೆಜ್ಜೆ ಮುಂದೆ ಹೋಯಿತು. 2019ರ ಮೇನಲ್ಲಿ ಒಪ್ಪಿಗೆ ಪಡೆದು 2022ರ ಜನವರಿ 1ರಿಂದ ಜಾರಿಗೆ ಬಂದ ಅದರ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆ ಜೂಜಿನ ಪಕ್ಕದಲ್ಲೇ ಇದೆ. ಹಲವು ಸಂಶೋಧಕರು ಇದನ್ನು ವಿರೋಧಿಸಿದರು. ಚೆನ್ನಾಗಿಯೇ ಇರುವ ಮಕ್ಕಳಿಗೂ ರೋಗಿ ಅನ್ನುವ ಹಣೆಪಟ್ಟಿ ಬೀಳುತ್ತದೆ, ಖಿನ್ನತೆಯಿಂದ ತಪ್ಪಿಸಿಕೊಳ್ಳಲು ಆಡುವ ಹುಡುಗನ ನಿಜವಾದ ನೋವು ಮುಚ್ಚಿಹೋಗುತ್ತದೆ ಅನ್ನುವುದು ಅವರ ಆತಂಕ. ಆ ಆತಂಕ ನನಗೂ ಇದೆ. ಆದರೆ ಐಸಿಡಿಯ ಮಾತುಗಳನ್ನು ಸರಿಯಾಗಿ ಓದಬೇಕು. ಅದರಲ್ಲಿ ದಿನಕ್ಕೆ ಎಷ್ಟು ಗಂಟೆ ಎಂಬ ಲೆಕ್ಕವೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಬೇರೆಲ್ಲದಕ್ಕಿಂತ ಅದೇ ಮುಖ್ಯವಾಗಿರಬೇಕು, ಕೆಡುಕಾಗುತ್ತಿದ್ದರೂ ನಿಲ್ಲದಿರಬೇಕು. ಇದರಿಂದ ಓದು, ಕೆಲಸ, ಸಂಬಂಧಗಳು ಕೆಟ್ಟಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳು. ರಜೆಯಲ್ಲಿ ಇಡೀ ದಿನ ಆಡಿದ ಮಗು ಇದಕ್ಕೆ ಸೇರುವುದಿಲ್ಲ.

ಎಲ್ಲ ಗೀಳೂ ಈ ಸಾಲಿಗೆ ಬಂದಿಲ್ಲ. ಹಿಡಿತಕ್ಕೆ ಸಿಗದ ಲೈಂಗಿಕ ನಡವಳಿಕೆಯನ್ನು ಐಸಿಡಿ-11 ಇನ್ನೂ ಹಳೆಯ ತುಡಿತದ ಗುಂಪಿನಲ್ಲೇ ಇಟ್ಟಿದೆ. ಸೋಶಿಯಲ್ ಮೀಡಿಯಾ ಚಟಕ್ಕೆ ಎರಡೂ ಪುಸ್ತಕಗಳಲ್ಲಿ ಪ್ರತ್ಯೇಕ ಹೆಸರಿಲ್ಲ. ಹಾಗಂತ ಒದ್ದಾಡುವವರು ಪುಸ್ತಕಕ್ಕಾಗಿ ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮೊಬೈಲ್, ಗೇಮ್, ಇಂಟರ್ನೆಟ್‌ನಿಂದ ಹೊರಬರಲಾಗದವರಿಗೆಂದೇ ಶಟ್ ಕ್ಲಿನಿಕ್ ತೆರೆದಿದ್ದು 2014ರಲ್ಲಿ, ಐಸಿಡಿ-11 ಜಾರಿಯಾಗುವುದಕ್ಕೆ ಎಷ್ಟೋ ವರ್ಷ ಮೊದಲು.