ಒಂದು ಗುಟುಕು ಔಷಧಕ್ಕೆ ಮೂವತ್ತು ವರ್ಷದ ವಾದ: ಕ್ರೂಪ್ ಮತ್ತು ಸ್ಟಿರಾಯ್ಡ್

ಕ್ರೂಪ್ ಎಂದರೆ ಧ್ವನಿಪೆಟ್ಟಿಗೆಯ ಬಳಿ ಊದಿ ಪುಟ್ಟ ಮಕ್ಕಳ ಉಸಿರು ಬಿಗಿಯುವ ಸೋಂಕು. ನಡುರಾತ್ರಿ ಅದು ಕಾಣಿಸಿಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಮಗುವಿಗೆ ವೈದ್ಯರು ಇಂದು ಮಾಡುವುದು ನೋಡಲು ಬಹಳ ಸಣ್ಣ ಕೆಲಸ. ಮಗುವನ್ನು ತಾಯಿಯ ಮಡಿಲಿನಿಂದ ಎಬ್ಬಿಸುವುದಿಲ್ಲ, ಗಂಟಲೊಳಗೆ ಇಣುಕುವ ಹಟ ಮಾಡುವುದಿಲ್ಲ. ಡೆಕ್ಸಾಮೆಥಾಸೋನ್ ಎಂಬ, ಊತ ಇಳಿಸುವ ಸ್ಟಿರಾಯ್ಡನ್ನು ಒಂದು ಗುಟುಕು ಕುಡಿಸಿ ಕಾಯುತ್ತಾರೆ. ಕೆಲವು ಗಂಟೆಗಳಲ್ಲಿ ಹೆಚ್ಚಿನ ಮಕ್ಕಳು ಮನೆಗೆ ಮರಳುತ್ತಾರೆ. ಈ ಔಷಧ 1950ರ ದಶಕದ ಕೊನೆಯಿಂದಲೇ ವೈದ್ಯರ ಕೈಯಲ್ಲಿತ್ತು. ಕ್ರೂಪ್‌ಗೆ ಅದನ್ನು ಕೊಡಲೇಬೇಕೆಂಬ ಒಮ್ಮತ ಮೂಡಿದ್ದು ಮಾತ್ರ 1990ರ ದಶಕದಲ್ಲಿ.

ತಡವಾದದ್ದೇಕೆ ಎಂದು ತಿಳಿಯಲು ರೋಗದ ಹೆಸರಿನಿಂದಲೇ ಆರಂಭಿಸಬೇಕು. 1765ರಲ್ಲಿ ಎಡಿನ್‌ಬರೋದ ವೈದ್ಯ ಫ್ರಾನ್ಸಿಸ್ ಹೋಮ್ ಸ್ಕಾಟ್ಲೆಂಡಿನ ಆಡುಮಾತಿನ ‘ಕ್ರೂಪ್’ ಪದವನ್ನು ವೈದ್ಯ ಗ್ರಂಥಕ್ಕೆ ತಂದರು. ಆಗ ಗಂಟಲು ಕಟ್ಟಿ ಮಗು ಒದ್ದಾಡಿದರೆ ಅದೆಲ್ಲವೂ ಕ್ರೂಪ್. ಅದರೊಳಗೆ ಗಂಟಲಮಾರಿಯೂ (ಡಿಫ್ತೀರಿಯಾ) ಇತ್ತು, ಇಂದು ನಾವು ಕ್ರೂಪ್ ಎನ್ನುವ ವೈರಸ್ ಸೋಂಕೂ ಇತ್ತು. 1807ರಲ್ಲಿ ನೆಪೋಲಿಯನ್ನನ ತಮ್ಮನ ಮಗ, ಇನ್ನೂ ಪುಟ್ಟ ಹುಡುಗ, ‘ಕ್ರೂಪ್’ನಿಂದ ತೀರಿಕೊಂಡಾಗ ಚಕ್ರವರ್ತಿ ಈ ರೋಗದ ಬಗೆಗಿನ ಅತ್ಯುತ್ತಮ ಪ್ರಬಂಧಕ್ಕೆ ಬಹುಮಾನ ಘೋಷಿಸಿದ. ಪ್ರಬಂಧಗಳು ಬಂದವು, ಮದ್ದು ಬರಲಿಲ್ಲ. 1826ರಲ್ಲಿ ಫ್ರೆಂಚ್ ವೈದ್ಯ ಬ್ರೆಟೋನೋ ಗಂಟಲಮಾರಿಗೆ ಪ್ರತ್ಯೇಕ ಹೆಸರಿಟ್ಟರು. 1880ರ ದಶಕದಲ್ಲಿ ಅದರ ಬ್ಯಾಕ್ಟೀರಿಯಾ ಪತ್ತೆಯಾಯಿತು, ಮುಂದಿನ ದಶಕದಲ್ಲಿ ಪ್ರತಿವಿಷ ಬಂತು, ಆಮೇಲೆ ಲಸಿಕೆ. ಹಳೆಯ ಹೆಸರು ಉಳಿದ ರೋಗಕ್ಕೆ ಅಂಟಿಕೊಂಡಿತು.

ಆ ಉಳಿದ ರೋಗಕ್ಕೆ ಮುಖ್ಯ ಕಾರಣ ಪ್ಯಾರಾಇನ್‌ಫ್ಲುಯೆಂಜಾ ವೈರಸ್‌ಗಳು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಬರುತ್ತದೆ. ಹಗಲೆಲ್ಲ ಬರಿಯ ನೆಗಡಿಯಂತಿದ್ದದ್ದು ರಾತ್ರಿ ನಾಯಿ ಬೊಗಳಿದಂಥ ಕೆಮ್ಮಾಗುತ್ತದೆ, ಧ್ವನಿ ಒಡೆಯುತ್ತದೆ, ಉಸಿರೆಳೆಯುವಾಗ ಕರ್ಕಶ ಸದ್ದು ಕೇಳುತ್ತದೆ. ಧ್ವನಿಪೆಟ್ಟಿಗೆಯ ಕೆಳಗೆ ಪೂರ್ತಿ ಉಂಗುರದ ಆಕಾರದ ಮೃದ್ವಸ್ಥಿಯೊಂದಿದೆ. ಒಳಪದರ ಊದಿಕೊಂಡರೆ ಹೊರಕ್ಕೆ ಹಿಗ್ಗಲು ಆ ಉಂಗುರ ಬಿಡುವುದಿಲ್ಲ, ಊತವೆಲ್ಲ ಒಳಮುಖವಾಗಿಯೇ ಬೆಳೆಯಬೇಕು. ನಾಲ್ಕು ಮಿಲಿಮೀಟರ್ ವ್ಯಾಸದ ದಾರಿಯಲ್ಲಿ ಸುತ್ತಲೂ ಒಂದು ಮಿಲಿಮೀಟರ್ ಊದಿದರೆ ಉಳಿಯುವುದು ಎರಡು ಮಿಲಿಮೀಟರ್. ದಾರಿ ಅರ್ಧವಾಯಿತು ಅಷ್ಟೇ ಎನ್ನಿಸಬಹುದು. ಆದರೆ ಗಾಳಿಗೆ ಎದುರಾಗುವ ತಡೆ ಕಡಿಮೆಯೆಂದರೂ ಹದಿನಾರು ಪಟ್ಟಾಗುತ್ತದೆ. ದೊಡ್ಡವರಿಗೆ ಗಂಟಲು ಕೆರೆಯುವಷ್ಟೇ ಮಾಡುವ ಸೋಂಕು ಕೂಸಿನ ಉಸಿರಿಗೇ ಕೈಹಾಕುವುದು ಈ ಲೆಕ್ಕದಿಂದ.

ಊತವೇ ತೊಂದರೆ ಎಂದಾದರೆ ಊತ ಇಳಿಸುವ ಔಷಧ ಕೊಟ್ಟರಾಯಿತಲ್ಲ! ಬಹುಕಾಲ ಕೊಟ್ಟದ್ದು ಮಾತ್ರ ಹಬೆ. ಕುದಿಯುವ ನೀರಿನ ಕೆಟಲ್, ಆಮೇಲೆ ಆಸ್ಪತ್ರೆಗಳಲ್ಲಿ ಮಂಜು ತುಂಬಿದ ಪ್ಲಾಸ್ಟಿಕ್ ಡೇರೆ. ಡೇರೆಯೊಳಗೆ ತಾಯಿಯಿಂದ ದೂರವಾಗಿ ಅಳುವ ಮಗುವಿನ ಉಸಿರು ಇನ್ನಷ್ಟು ಬಿಗಿಯುತ್ತಿತ್ತು ಎಂಬುದನ್ನು ಯಾರೂ ಅಳೆಯಲು ಹೋಗಲಿಲ್ಲ. ಬಿಸಿನೀರು ಚೆಲ್ಲಿ ಸುಟ್ಟುಕೊಂಡ ಮಕ್ಕಳೂ ಇದ್ದರು. 2006ರಲ್ಲಿ ಟೊರಾಂಟೊದಲ್ಲಿ 140 ಮಕ್ಕಳ ಮೇಲೆ ಅಚ್ಚುಕಟ್ಟಾದ ಪ್ರಯೋಗ ನಡೆದಾಗ ತೇವಾಂಶ ಹೆಚ್ಚಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಬಹುಕಾಲ ನಡೆದ ಈ ಚಿಕಿತ್ಸೆಗೆ ಪುರಾವೆ ಕೇಳಿದವರು ವಿರಳ. ಸ್ಟಿರಾಯ್ಡ್‌ಗೆ ಮಾತ್ರ ಹೆಜ್ಜೆಹೆಜ್ಜೆಗೂ ಕೇಳಿದರು. ಕೇಳಿದ್ದು ತಪ್ಪಲ್ಲ, ಎರಡಕ್ಕೂ ಕೇಳಬೇಕಿತ್ತು.

1970ರ ದಶಕದಲ್ಲಿ ನೆಬುಲೈಸರ್ (ಔಷಧವನ್ನು ಮಂಜಾಗಿಸಿ ಉಸಿರಿನೊಂದಿಗೆ ಕೊಡುವ ಯಂತ್ರ) ಮೂಲಕ ಅಡ್ರಿನಲಿನ್ ಕೊಡುವುದು ರೂಢಿಗೆ ಬಂತು. 1978ರಲ್ಲಿ ವೆಸ್ಟ್‌ಲಿ ಮತ್ತು ಸಂಗಡಿಗರು ಕೇವಲ 20 ಮಕ್ಕಳ ಪ್ರಯೋಗದಲ್ಲಿ ಅದರ ಗುಣ ತೋರಿಸಿದರು. ರೋಗದ ತೀವ್ರತೆ ಅಳೆಯಲು ಅವರು ಬಳಸಿದ ಅಂಕಪಟ್ಟಿ ಇಂದಿಗೂ ಚಾಲ್ತಿಯಲ್ಲಿದೆ. ಅಡ್ರಿನಲಿನ್ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ಎರಡು ಗಂಟೆಯೊಳಗೆ ಇಳಿದುಹೋಗುತ್ತದೆ. ಅದು ಇಳಿದಾಗ ಊತ ಮರಳೀತೆಂಬ ಹೆದರಿಕೆಯಿಂದ ಒಮ್ಮೆ ಅಡ್ರಿನಲಿನ್ ಪಡೆದ ಮಗುವನ್ನು ವಾರ್ಡಿಗೆ ಸೇರಿಸಿಕೊಳ್ಳುವುದೇ ವಾಡಿಕೆಯಾಯಿತು.

ಸ್ಟಿರಾಯ್ಡ್ ಪ್ರಯೋಗಗಳು 1960ರ ದಶಕದಿಂದಲೇ ನಡೆಯುತ್ತಿದ್ದವು. ಒಂದು ಪ್ರಯೋಗ ಹೌದೆಂದರೆ ಇನ್ನೊಂದು ಇಲ್ಲವೆನ್ನುತ್ತಿತ್ತು. ಕೆಲವರು ಕೊಟ್ಟ ಪ್ರಮಾಣ ತೀರ ಕಡಿಮೆ. ಮಕ್ಕಳ ಸಂಖ್ಯೆಯೂ ಕಡಿಮೆ. ‘ಗುಣವಾಯಿತು’ ಎಂದರೇನು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಅಳತೆ. ಇದರ ಜೊತೆಗೆ, ವೈರಸ್ ಸೋಂಕಿರುವಾಗ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಡುವುದೇ ಎಂಬ ಅಳುಕು. ಆ ಅಳುಕು ಅಸಂಬದ್ಧವಾಗಿರಲಿಲ್ಲ. 1980ರಲ್ಲಿ ಟನ್ನೆಸನ್ ಮತ್ತು ಫೈನ್‌ಸ್ಟೈನ್ ಎಂಬ ಸಂಶೋಧಕರು ಈ ಜಗಳವನ್ನೇ ಅಧ್ಯಯನಕ್ಕೆ ಎತ್ತಿಕೊಂಡು, ತಕರಾರಿನ ಮೂಲ ಪ್ರಯೋಗ ನಡೆಸಿದ ವಿಧಾನದಲ್ಲಿದೆ ಎಂದು ತೋರಿಸಿದರು. 1989ರಲ್ಲಿ ಹತ್ತು ಪ್ರಯೋಗಗಳ 1,286 ಮಕ್ಕಳ ಲೆಕ್ಕವನ್ನು ಒಟ್ಟುಗೂಡಿಸಿದಾಗ ಚಿತ್ರ ತಿಳಿಯಾಯಿತು: ಸ್ಟಿರಾಯ್ಡ್ ಪಡೆದವರು ಬೇಗ ಚೇತರಿಸಿಕೊಂಡಿದ್ದರು, ಉಸಿರಾಟದ ಕೊಳವೆ ಹಾಕಬೇಕಾದವರೂ ಕಡಿಮೆಯಿದ್ದರು. ಹೆಚ್ಚು ಪ್ರಮಾಣ ಕೊಟ್ಟಲ್ಲಿ ಲಾಭವೂ ಹೆಚ್ಚಿತ್ತು.

ಅಲ್ಲಿಂದ ಮುಂದೆ ಔಷಧ ಮಹಡಿಯಿಂದ ಮೆಟ್ಟಿಲಿಳಿದು ಬಾಗಿಲಿಗೆ ಬಂದಂತೆ ಬಂತು. 1992ರಲ್ಲಿ ಮೆಲ್ಬರ್ನ್‌ನಲ್ಲಿ, ತೀವ್ರ ನಿಗಾ ಘಟಕದಲ್ಲಿ ಕೊಳವೆ ಹಾಕಿಸಿಕೊಂಡಿದ್ದ 70 ಮಕ್ಕಳಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಅಥವಾ ಹುಸಿ ಔಷಧ (ಪ್ಲಸೀಬೊ) ಕೊಟ್ಟು ನೋಡಿದರು. ಸ್ಟಿರಾಯ್ಡ್ ಪಡೆದವರ ಕೊಳವೆ ಬೇಗ ಹೊರಬಂತು. 1994ರಲ್ಲಿ ಕೆನಡಾದ ಕ್ಲಾಸೆನ್ ತಂಡ ನೆಬುಲೈಸರಿನಲ್ಲಿ ಬುಡೆಸೊನೈಡ್ ಎಂಬ ಇನ್ನೊಂದು ಸ್ಟಿರಾಯ್ಡ್ ಕೊಟ್ಟು ತುರ್ತು ವಿಭಾಗದಲ್ಲೇ ಫಲ ಕಂಡಿತು. 1998ರ ಇನ್ನೊಂದು ಪ್ರಯೋಗದಲ್ಲಿ 144 ಮಕ್ಕಳಿದ್ದರು. ಹುಸಿ ಔಷಧದ ಗುಂಪಿನಲ್ಲಿ ಶೇ 71ರಷ್ಟು, ಬುಡೆಸೊನೈಡ್ ಗುಂಪಿನಲ್ಲಿ ಶೇ 38ರಷ್ಟು, ಡೆಕ್ಸಾಮೆಥಾಸೋನ್ ಗುಂಪಿನಲ್ಲಿ ಶೇ 23ರಷ್ಟು ಮಕ್ಕಳು ಆಸ್ಪತ್ರೆ ಸೇರಬೇಕಾಯಿತು. ಇದಾದ ಮೇಲೆ ವಾದಿಸಲು ಹೆಚ್ಚೇನೂ ಉಳಿಯಲಿಲ್ಲ.

ಸೌಮ್ಯ ಕ್ರೂಪ್‌ನ ಪ್ರಶ್ನೆ ಮಾತ್ರ ಉಳಿದಿತ್ತು. ಕೆಮ್ಮಿದೆ, ಆದರೆ ಮಗು ಆಟವಾಡುತ್ತಿದೆ. ತಾನಾಗಿಯೇ ವಾಸಿಯಾಗುವುದಕ್ಕೆ ಸ್ಟಿರಾಯ್ಡ್ ಏಕೆ? 2004ರಲ್ಲಿ ಕೆನಡಾದ ತುರ್ತು ವಿಭಾಗಗಳಲ್ಲಿ ಇಂಥ 720 ಮಕ್ಕಳನ್ನು ಗಮನಿಸಿದರು. ರೋಗ ಬಗೆಹರಿಯದೆ ಮತ್ತೆ ವೈದ್ಯರ ಬಳಿ ಬಂದವರು ಹುಸಿ ಔಷಧದಲ್ಲಿ ಶೇ 15.3, ಡೆಕ್ಸಾಮೆಥಾಸೋನ್‌ನಲ್ಲಿ ಶೇ 7.3. ಮಕ್ಕಳ ನಿದ್ದೆ ಕೆಡುವುದು ಕಡಿಮೆಯಾಗಿತ್ತು, ತಂದೆತಾಯಿಗಳ ಆತಂಕವೂ ತಗ್ಗಿತ್ತು. ವೈದ್ಯರು ಅದನ್ನೂ ಒಂದು ಫಲಿತಾಂಶವೆಂದು ಎಣಿಸಿದ್ದು ನನಗೆ ಇಷ್ಟವಾದ ಸಂಗತಿ. ಈ ಔಷಧದ ಪರಿಣಾಮ ಒಂದೂವರೆ ದಿನಕ್ಕೂ ಹೆಚ್ಚು ನಿಲ್ಲುವುದರಿಂದ ಸಾಮಾನ್ಯವಾಗಿ ಒಂದೇ ಸಲ ಕೊಟ್ಟರೆ ಸಾಕು. ತಿಂಗಳುಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಳ್ಳುವವರ ತೊಂದರೆಗಳನ್ನು ನೆನೆದು ಈ ಒಂದು ಗುಟುಕಿಗೆ ಹೆದರಬೇಕಾಗಿಲ್ಲ.

ಹಳೆಯ ನಂಬಿಕೆಗಳಲ್ಲಿ ಒಂದು ಮಾತ್ರ ಪರೀಕ್ಷೆಯಲ್ಲಿ ಗೆದ್ದಿದೆ. ಮಗುವನ್ನು ಹೊರಗಿನ ತಣ್ಣನೆ ಗಾಳಿಗೆ ಒಯ್ದರೆ ಉಸಿರು ಸಲೀಸಾಗುತ್ತದೆ ಎಂದು ತಂದೆತಾಯಿಗಳು ಹೇಳುತ್ತಲೇ ಬಂದಿದ್ದರು. 2023ರಲ್ಲಿ ಪ್ರಕಟವಾದ ಜಿನೀವಾದ ಪ್ರಯೋಗದಲ್ಲಿ 118 ಮಕ್ಕಳಿಗೂ ಡೆಕ್ಸಾಮೆಥಾಸೋನ್ ಕೊಟ್ಟು, ಅರ್ಧದಷ್ಟು ಮಕ್ಕಳನ್ನು ಅರ್ಧ ಗಂಟೆ ಹೊರಗಿನ ಚಳಿಯಲ್ಲಿ ಕೂರಿಸಿದರು. ಔಷಧ ಇನ್ನೂ ಹಿಡಿಯದ ಆ ಅವಧಿಯಲ್ಲಿ ಹೊರಗಿದ್ದವರಲ್ಲಿ ಶೇ 49ರಷ್ಟು, ಒಳಗಿದ್ದವರಲ್ಲಿ ಶೇ 24ರಷ್ಟು ಮಕ್ಕಳು ಸುಧಾರಿಸಿದ್ದರು.

ಈಗಿನ ಚರ್ಚೆ ಪ್ರಮಾಣದ್ದು. ದೇಹತೂಕದ ಪ್ರತಿ ಕಿಲೋಗೆ 0.6 ಮಿಲಿಗ್ರಾಂ ಎಂಬುದು ಹಳೆಯ ರೂಢಿ, ಉತ್ತರ ಅಮೆರಿಕದಲ್ಲಿ ಅದೇ ನಡೆಯುತ್ತಿದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವೈದ್ಯ ಗೀಲ್‌ಹುಡ್ 1990ರ ದಶಕದಲ್ಲೇ 0.15 ಸಾಕೆಂದು ತೋರಿಸಿದ್ದರು. ಅದೇ ಊರಿನಲ್ಲಿ 1,252 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೂ ಕಡಿಮೆ ಪ್ರಮಾಣ ಹಿಂದೆ ಬೀಳಲಿಲ್ಲ ಎಂದಿತು. ಬ್ರಿಟನ್ನಿನ ಮಾರ್ಗಸೂಚಿ 0.15ನ್ನೇ ಒಪ್ಪಿಕೊಂಡಿದೆ. ಅದೇ ಕೆಮ್ಮು, ಅದೇ ಸೀಸೆ. ಕಡಲು ದಾಟಿದರೆ ಸಿರಿಂಜಿನಲ್ಲಿ ಎಳೆದುಕೊಳ್ಳುವ ಔಷಧ ನಾಲ್ಕು ಪಟ್ಟು.