ದುಡ್ಡು ತಡ ಸರಿ, ಯಾಕೆ?

ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿ ಬಂದ ಮೇಲೆ ನಮ್ಮ ದೊಡ್ಡಪ್ಪ ಕೇಳುವುದು ಎರಡೇ ಪ್ರಶ್ನೆ. ದುಡ್ಡು ಯಾವಾಗ ಬರುತ್ತೆ? ತಡ ಆದರೆ, ಯಾಕೆ? ಮೊದಲನೆಯದಕ್ಕೆ ಅಂದಾಜು ಹೇಳುವಷ್ಟು ಕಂಪ್ಯೂಟರ್ ಈಗ ಕಲಿತಿದೆ. ಎರಡನೆಯದಕ್ಕೂ ಅದು ಬಾಯಿ ಬಿಡಲೇಬೇಕು ಅನ್ನುವುದು ನನ್ನ ಹಠ.

ಒಂದು ಲಾಟು 'ರಾಶಿ' ಬಗೆಯ ಅಡಿಕೆ ಬಂತು ಅನ್ನಿ. ಆವಕ, ಅಂದರೆ ಮಾಲು ಬಂದದ್ದನ್ನು, ಬರೆಯಬೇಕು, ಟೆಂಡರ್ ಆಗಬೇಕು, ತೂಕ, ಲೆಕ್ಕದ ಪಟ್ಟಿ, ಆಮೇಲೆ ಖಾತೆಗೆ ಹಣ. ಪ್ರತಿ ಹಂತಕ್ಕೂ ಕಂಪ್ಯೂಟರಿನಲ್ಲಿ ಒಂದು ಸಾಲು ಇದ್ದರೆ ಸಾಕು: ಯಾವ ಲಾಟು, ಏನು ಕೆಲಸ, ಎಷ್ಟು ಹೊತ್ತಿಗೆ. ಇಂಥ ಸಾವಿರಾರು ಹಳೇ ಸಾಲುಗಳನ್ನು ಓದಿಸಿದರೆ, ಇನ್ನೂ ಅರ್ಧ ದಾರಿಯಲ್ಲಿರುವ ಲಾಟನ್ನು ನೋಡಿ 'ಇದರ ಹಣ ತಡ ಆಗಬಹುದು' ಅಂತ ಕೃತಕ ಬುದ್ಧಿಮತ್ತೆ ಮೊದಲೇ ಎಚ್ಚರಿಸಬಲ್ಲದು. ಬ್ಯಾಂಕಿನ ಸಾಲದ ಅರ್ಜಿಗೂ ಇದೇ ಲೆಕ್ಕ. ಆದರೆ ಸುಮ್ನೆ 'ತಡ' ಅಂದರೆ ಗುಮಾಸ್ತರು ಏನು ಮಾಡಬೇಕು? ತೂಕದ ಕಡೆ ಓಡಬೇಕೋ, ಖರೀದಿದಾರರಿಗೆ ಫೋನ್ ಹಚ್ಚಬೇಕೋ?

ಕಾರಣ ಹೇಳಿಸುವ ಒಂದು ದಾರಿ 1953ರಷ್ಟು ಹಳೆಯದು. ಒಟ್ಟಿಗೆ ಮಾಡಿದ ಕೆಲಸದಲ್ಲಿ ಯಾರ ಪಾಲು ಎಷ್ಟು ಅನ್ನುವುದಕ್ಕೆ ಅಮೆರಿಕದ ಗಣಿತಜ್ಞ ಲಾಯ್ಡ್ ಶೇಪ್ಲಿ ಆ ವರ್ಷ ಒಂದು ಸೂತ್ರ ಕೊಟ್ಟರು. ನಮ್ಮ ಅಡಿಕೆ ಕೊನೆ (ಗೊನೆ) ಕೊಯ್ಲನ್ನೇ ತಗೊಳ್ಳಿ. ಮರದ ಮೇಲೆ ಕೊನೆಗೌಡ, ಕೆಳಗೆ ಹಗ್ಗ ಹಿಡಿದವ. ಕೊನೆಗೌಡ ಒಬ್ಬನೇ ಆದರೆ 40 ಕೊನೆ, ಹಗ್ಗದವ ಒಬ್ಬನೇ ಆದರೆ ಸೊನ್ನೆ, ಇಬ್ಬರೂ ಸೇರಿದರೆ 100 ಅಂತ ಇಟ್ಟುಕೊಳ್ಳೋಣ. ಕೊನೆಗೌಡ ಮೊದಲು ಬಂದರೆ ಅವನಿಂದ 40, ಆಮೇಲೆ ಬಂದರೆ ಅವನಿಂದ 100. ಸರಾಸರಿ 70. ಹಗ್ಗದವನಿಗೆ 60 ಮತ್ತು ಸೊನ್ನೆಯ ಸರಾಸರಿ, ಅಂದರೆ 30. ಎಷ್ಟು ನ್ಯಾಯವಾಗಿದೆ, ಅಲ್ವಾ? ಈ ಲೆಕ್ಕಕ್ಕೆ ನಾನು ಮನಸೋತಿದ್ದೇನೆ.

2017ರಲ್ಲಿ ಸಂಶೋಧಕರಾದ ಸ್ಕಾಟ್ ಲುಂಡ್‌ಬರ್ಗ್ ಮತ್ತು ಸು-ಇನ್ ಲೀ ಇದನ್ನೇ ಆಧಾರ ಮಾಡಿಕೊಂಡು 'ಶಾಪ್' (SHAP) ಅನ್ನುವ ವಿಧಾನ ಕೊಟ್ಟರು. ಇಲ್ಲಿ ಆಳುಗಳ ಜಾಗದಲ್ಲಿ ಮಾಹಿತಿ ನಿಲ್ಲುತ್ತದೆ. ಲಾಟಿನ ಅಡಿಕೆ ಗೊರಬಲು ಬಗೆಯದು ಅನ್ನುವುದು ಅಂದಾಜನ್ನು ಎಷ್ಟು ಗಂಟೆ ಮುಂದಕ್ಕೆ ತಳ್ಳಿತು, ಸಂಜೆ ಆವಕ ಎಷ್ಟು ತಳ್ಳಿತು, ಬೇಗ ಮುಗಿದ ತೂಕ ಎಷ್ಟು ಹಿಂದಕ್ಕೆ ಎಳೆಯಿತು ಅಂತ ಬಿಡಿಸಿ ತೋರಿಸುತ್ತದೆ.

ಒಂದು ಎಚ್ಚರ ಬೇಕು. ಹೀಗೆ ಸಿಗುವ ಕಾರಣ ಯಂತ್ರ ಏನನ್ನು ನೋಡಿ ಹಾಗೆ ಹೇಳಿತು ಅನ್ನುವುದು ಮಾತ್ರ. ತಡ ಆಗಿದ್ದು ಅದರಿಂದಲೇ ಅಂತ ಅಲ್ಲ. 'ತೀರ್ಥಹಳ್ಳಿ ಕಡೆಯ ಲಾಟು, ಅದಕ್ಕೇ ತಡ' ಅಂತ ಅದು ತೋರಿಸಿತು ಅನ್ನಿ. ಆ ಊರಿನ ಬೆಳೆಗಾರರನ್ನು ದೂರಿದರೆ ಅನ್ಯಾಯ. ಜೋರು ಮಳೆ ಹಿಡಿದು ಆ ಕಡೆಯ ಲಾರಿಗಳು ಹೊತ್ತು ಮೀರಿ ಬಂದು ಅವತ್ತಿನ ಟೆಂಡರ್ ತಪ್ಪಿಸಿಕೊಂಡಿದ್ದರೆ? ದಾಖಲೆಯಲ್ಲಿ ಮಳೆಯ ಕಾಲಂ ಇಲ್ಲದ ಕಾರಣ ಯಂತ್ರ ಊರಿನ ಹೆಸರನ್ನೇ ಹಿಡಿದುಕೊಂಡಿರುತ್ತದೆ. ಕಾರಣ ಪರದೆ ಮೇಲೆ ಕಂಡರೆ ತಾನೇ, ಮಂಡಿಯಲ್ಲಿ ವರ್ಷಗಟ್ಟಲೆ ಕೂತ ಗುಮಾಸ್ತರು 'ಇದು ಊರಿನದ್ದಲ್ಲ ಮಾರಾಯ್ರೆ, ಮಳೆಯದ್ದು' ಅನ್ನುವುದು? ಆಗ ಮಳೆಯ ಲೆಕ್ಕವನ್ನೂ ಸೇರಿಸಿ ಮತ್ತೆ ಓದಿಸಿ, ತೀರ್ಥಹಳ್ಳಿಯ ಪಾಲು ಎಷ್ಟು ಇಳಿಯುತ್ತದೆ ಅಂತ ನೋಡಬಹುದು.