100 ಎಕರೆ ಕೊಂಡರೆ ದಾರಿಗೆ 6 ಎಕರೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಳೆಯ ಜಮೀನು ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಇಷ್ಟು ಎಕರೆ ಜಮೀನು, ಅದರ ಮೇಲೆ ದಾರಿಗೆಂದು ನೂರಕ್ಕೆ ಆರು. 100 ಎಕರೆಗೆ ದುಡ್ಡು ಕೊಟ್ಟವರಿಗೆ 106 ಎಕರೆ ಅಳೆದು ಕೊಡುತ್ತಿದ್ದರು. ಮುಂದೊಂದು ದಿನ ಆ ಕಡೆ ರಸ್ತೆ ಬೇಕಾದರೆ ಅಷ್ಟು ಜಾಗ ಬಿಟ್ಟುಕೊಡಬೇಕು ಅನ್ನುವ ಕರಾರು ಅದು.

ಅಮೆರಿಕದ ರಸ್ತೆಗಳ ಕತೆಯನ್ನು ಕಾರು, ಡಾಂಬರಿನಿಂದ ಶುರು ಮಾಡುವವರೇ ಜಾಸ್ತಿ. ನನಗೆ ಈ ಆರು ಎಕರೆಯಿಂದ ಶುರು ಮಾಡುವುದೇ ಸರಿ ಅನ್ನಿಸುತ್ತದೆ. ಸ್ವಾತಂತ್ರ್ಯದ ಯುದ್ಧ ಮುಗಿದಾಗ ರಾಜ್ಯಗಳ ತಲೆ ಮೇಲೆ ಸಾಲ ಇತ್ತು. ರಸ್ತೆ ಹಾಕಿಸಲು ಕೈಯಲ್ಲಿ ಕಾಸಿರಲಿಲ್ಲ. ಹಾಗಾಗಿ ಶಾಸನಸಭೆಗಳು ಮೊದಲು ಮಾಡಿದ್ದು ಬರೆಯುವ ಕೆಲಸ: ಯಾರ ಹೊಲದ ಯಾವ ಪಟ್ಟಿ ಎಲ್ಲರಿಗೂ ಸೇರಿದ್ದು, ಅದನ್ನು ಯಾರು ನೋಡಿಕೊಳ್ಳಬೇಕು, ಜಾಗ ಕಳೆದುಕೊಂಡವರಿಗೆ ಏನು ಕೊಡಬೇಕು.

ವರ್ಜೀನಿಯಾ, ಪೆನ್ಸಿಲ್ವೇನಿಯಾ ಕಡೆ ರಸ್ತೆ ಹುಟ್ಟುತ್ತಿದ್ದದ್ದು ಒಂದು ಅರ್ಜಿಯಿಂದ. ಸುತ್ತಲಿನ ಜನ ಕೌಂಟಿ ಕೋರ್ಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬರೆದುಕೊಳ್ಳುತ್ತಿದ್ದರು. ಚರ್ಚಿಗೆ ಹೋಗಲು ದಾರಿ ಇಲ್ಲ, ಗಿರಣಿಗೆ ಧಾನ್ಯ ಸಾಗಿಸಲು ಆಗುತ್ತಿಲ್ಲ ಅಂತ. ಕೋರ್ಟು ಕೆಲವರನ್ನು ಸ್ಥಳ ನೋಡಲು ಕಳಿಸುತ್ತಿತ್ತು. ನಮ್ಮಲ್ಲಿ ಪಂಚನಾಮೆಗೆ ಪಂಚರು ಹೋಗುತ್ತಾರಲ್ಲ, ಹಾಗೆ. ಅವರು ನಡೆದು ನೋಡಿ ವರದಿ ಕೊಡಬೇಕು. ಕೋರ್ಟು ಒಪ್ಪಿ ದಫ್ತರದಲ್ಲಿ ಬರೆಸಿದರೆ ಅದು ಸಾರ್ವಜನಿಕ ರಸ್ತೆ. ನೆಲದ ಮೇಲೆ ಆಗ ಇನ್ನೂ ಮರದ ಬೊಡ್ಡೆಗಳೇ ಇರುತ್ತಿದ್ದವು.

ಬೊಡ್ಡೆ ಕೀಳುವವರು ಯಾರು? ಊರಿನವರೇ. ಇಂಗ್ಲೆಂಡಿನಲ್ಲಿ 1555ರ ಕಾನೂನು ಊರ ಜನ ವರ್ಷಕ್ಕೆ 4 ದಿನ ರಸ್ತೆಗೆ ದುಡಿಯಬೇಕು ಎಂದಿತ್ತು. ಆ ಪದ್ಧತಿ ಸಮುದ್ರ ದಾಟಿ ಬಂತು. ವರ್ಜೀನಿಯಾ 1632ರಲ್ಲೇ ರಸ್ತೆ ಕಾನೂನು ಮಾಡಿತ್ತು. ಸ್ವತಂತ್ರವಾದ ಮೇಲೂ ರಾಜ್ಯಗಳು ಈ ಬಿಟ್ಟಿ ಕೆಲಸವನ್ನು ಮುಂದುವರಿಸಿದವು. ಬರದಿದ್ದವರಿಗೆ ದಂಡ. ದುಡ್ಡಿದ್ದವರು ದುಡ್ಡು ಕಟ್ಟಿಯೋ ಬೇರೆಯವರನ್ನು ಕಳಿಸಿಯೋ ಪಾರಾಗುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಒಡೆಯರು ತಮ್ಮ ಗುಲಾಮರನ್ನು ಕಳಿಸುತ್ತಿದ್ದರು. ಅಲ್ಲಿನ ಎಷ್ಟೋ ರಸ್ತೆಗಳಿಗೆ ಬೆವರು ಸುರಿಸಿದವರಿಗೆ ಆ ರಸ್ತೆಯಲ್ಲಿ ತಮ್ಮಿಷ್ಟದಂತೆ ನಡೆಯುವ ಹಕ್ಕೇ ಇರಲಿಲ್ಲ. ಈ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಬಿಟ್ಟಿ ಕೆಲಸದಿಂದ ಒಳ್ಳೆಯ ರಸ್ತೆ ಆಗಲಿಲ್ಲ. ಮಳೆ ಬಂದರೆ ಗಾಡಿ ಹೂತು ಹೋಗುತ್ತಿತ್ತು. 1792ರಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆ ಇನ್ನೊಂದು ದಾರಿ ಹಿಡಿಯಿತು. ಫಿಲಡೆಲ್ಫಿಯಾದಿಂದ ಲ್ಯಾಂಕಾಸ್ಟರ್‌ವರೆಗೆ 62 ಮೈಲಿ ಕಲ್ಲಿನ ರಸ್ತೆ ಮಾಡಿ ಸುಂಕ ವಸೂಲಿ ಮಾಡಿಕೊಳ್ಳಲು ಒಂದು ಕಂಪನಿಗೆ ಅನುಮತಿ ಕೊಟ್ಟಿತು. ಷೇರಿಗೆ ಜನ ಎಷ್ಟು ಮುಗಿಬಿದ್ದರು ಅಂದರೆ, ಕೊನೆಗೆ ಚೀಟಿ ಎತ್ತಬೇಕಾಯಿತು. ಸುಂಕದಕಟ್ಟೆಯಲ್ಲಿ ಅಗಲ ಚಕ್ರದ ಗಾಡಿಗೆ ದರ ಕಡಿಮೆ, ಕಿರಿದಾದ ಚಕ್ರಕ್ಕೆ ಜಾಸ್ತಿ. ಕಿರಿದಾದ ಚಕ್ರ ರಸ್ತೆಯನ್ನು ಕೊರೆಯುತ್ತದಲ್ವಾ, ಅದಕ್ಕೆ.

ರಸ್ತೆಗೆ ಜಾಗ ಹೋದಾಗ ಆ ಆರು ಎಕರೆಯ ಮಾತು ಎದ್ದಿತು. ಕಂಪನಿ ತನ್ನ ನೆಲದಲ್ಲಿ ನುಗ್ಗಿದೆ ಎಂದು ಒಬ್ಬ ಜಮೀನುದಾರ ಕೋರ್ಟಿಗೆ ಹೋದ. 1802ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆತನ ವಾದ ಒಪ್ಪಲಿಲ್ಲ. ದಾರಿಗೆಂದು ನೂರಕ್ಕೆ ಆರು ಮೊದಲೇ ಕೊಟ್ಟಾಗಿದೆ, ಬರೀ ನೆಲಕ್ಕೆ ಮತ್ತೆ ಪರಿಹಾರ ಇಲ್ಲ ಅಂದಿತು. ಎಲ್ಲ ರಾಜ್ಯಗಳೂ ಹೀಗೆ ಯೋಚಿಸಲಿಲ್ಲ. ಒಬ್ಬನ ಆಸ್ತಿಯನ್ನು ಸಾರ್ವಜನಿಕ ಕೆಲಸಕ್ಕೆ ತೆಗೆದುಕೊಂಡರೆ ಅದರ ಬೆಲೆಯನ್ನು ಹಣದಲ್ಲಿ ಕೊಡಬೇಕು ಎಂದು ವರ್ಮಾಂಟ್ ತನ್ನ 1777ರ ಸಂವಿಧಾನದಲ್ಲೇ ಬರೆದಿತ್ತು. 1780ರಲ್ಲಿ ಮ್ಯಾಸಚೂಸೆಟ್ಸ್ ಕೂಡ ಬರೆಯಿತು. ದಕ್ಷಿಣ ಕ್ಯಾರೊಲೈನಾದಲ್ಲಿ ಅಂಥ ಸಾಲು ಇರಲಿಲ್ಲ. 1796ರಲ್ಲಿ ಚಾರ್ಲ್ಸ್‌ಟನ್ ನಗರದ ಒಂದು ಬೀದಿಯ ವ್ಯಾಜ್ಯದಲ್ಲಿ ನ್ಯಾಯಾಧೀಶರು ಸಮನಾಗಿ ಇಬ್ಭಾಗವಾದರು. ಜಮೀನಿನವರು ಸೋತರು. ದೇಶದ ಸಂವಿಧಾನದ ಐದನೇ ತಿದ್ದುಪಡಿ 1791ರಲ್ಲೇ ನ್ಯಾಯವಾದ ಪರಿಹಾರದ ಮಾತು ಆಡಿತ್ತು, ನಿಜ. ಆದರೆ ಅದು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ ಎಂದು 1833ರಲ್ಲಿ ದೇಶದ ಸುಪ್ರೀಂ ಕೋರ್ಟು ಹೇಳಿತು.

ಕೇಂದ್ರ ಸರ್ಕಾರ ಯಾಕೆ ಕೈ ಹಾಕಲಿಲ್ಲ? ಹಾಕಿತು, ಅಳುಕುತ್ತಲೇ. 1806ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್ ಊರಿನಿಂದ ಪಶ್ಚಿಮಕ್ಕೆ ರಾಷ್ಟ್ರೀಯ ರಸ್ತೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೂ ದಾರಿಯಲ್ಲಿನ ರಾಜ್ಯಗಳ ಒಪ್ಪಿಗೆ ಕೇಳಬೇಕಾಯಿತು. 1822ರಲ್ಲಿ ಅದಕ್ಕೆ ಸುಂಕ ಹಾಕುವ ಮಸೂದೆಯನ್ನು ಅಧ್ಯಕ್ಷ ಮನ್ರೋ ತಿರಸ್ಕರಿಸಿದರು. 1830ರ ದಶಕದಲ್ಲಿ ರಸ್ತೆಯನ್ನು ರಾಜ್ಯಗಳಿಗೇ ವಹಿಸಲಾಯಿತು.

ಪಶ್ಚಿಮದ ಹೊಸ ನೆಲದಲ್ಲಿ ಲೆಕ್ಕವೇ ಬೇರೆ. 1785ರ ಕಾನೂನಿನಂತೆ ಅಲ್ಲಿ ಜನ ಬರುವ ಮೊದಲೇ ನೆಲವನ್ನು ಒಂದೊಂದು ಮೈಲಿಯ ಚೌಕಗಳಾಗಿ ಅಳೆದಿದ್ದರು. ಒಂದು ಚೌಕ 640 ಎಕರೆ. ಅಳೆದದ್ದು 66 ಅಡಿಯ ಸರಪಳಿಯಿಂದ. 1833ರ ಸುಮಾರಿಗೆ ಇಲಿನಾಯ್‌ನಲ್ಲಿ ಸಹಾಯಕ ಸರ್ವೇಯರ್ ಆಗಿದ್ದ ಅಬ್ರಹಾಂ ಲಿಂಕನ್ ಕೂಡ ಹೀಗೆ ರಸ್ತೆ ಅಳೆದವರೇ. ಮರುವರ್ಷ ಅವರು ಶಾಸನಸಭೆಗೆ ಆಯ್ಕೆಯಾದರು.

1866ರಲ್ಲಿ ಸಂಸತ್ತು ಸರ್ಕಾರಿ ಜಮೀನಿನ ಮೇಲೆ ರಸ್ತೆಗೆ ಜಾಗ ಬಿಟ್ಟುಕೊಟ್ಟಿತು. ಡಕೋಟಾ ಆಗಿನ್ನೂ ರಾಜ್ಯವಾಗಿರಲಿಲ್ಲ. ಆದರೂ ಅಲ್ಲಿನ ಶಾಸನಸಭೆ ಅವಕಾಶ ಬಿಡಲಿಲ್ಲ. 1870ರ ದಶಕದ ಆರಂಭದಲ್ಲಿ, ಈ ಚೌಕಗಳ ಗೆರೆಗಳೆಲ್ಲ ಸಾರ್ವಜನಿಕ ರಸ್ತೆ ಎಂದು ಸಾರಿತು. ಅರ್ಜಿ ಇಲ್ಲ, ಪಂಚರಿಲ್ಲ. ಒಂದು ಸರಪಳಿ ಅಗಲ, ಅಂದರೆ ಗೆರೆಯ ಎರಡೂ ಬದಿ 33 ಅಡಿ. ನಮ್ಮ ಒಂದು ಗುಂಟೆಯ ಬದಿಯೂ ಸರಿಯಾಗಿ 33 ಅಡಿ. ಎಕರೆಯ ಅಳತೆ ಎರಡೂ ಕಡೆ ಒಂದೇ ಆದದ್ದರಿಂದ ಈ ಹೋಲಿಕೆ.

ಡಕೋಟಾ ಮುಂದೆ ಉತ್ತರ, ದಕ್ಷಿಣ ಎಂದು ಎರಡು ರಾಜ್ಯವಾಯಿತು. ಉತ್ತರ ಡಕೋಟಾದಲ್ಲಿ ಆ ಕಾನೂನು ಈಗಲೂ ಜೀವಂತ. ಎಷ್ಟೋ ಗೆರೆಗಳ ಮೇಲೆ ಇವತ್ತಿಗೂ ಒಂದು ಬುಟ್ಟಿ ಜಲ್ಲಿ ಬಿದ್ದಿಲ್ಲ, ಬರೀ ಹುಲ್ಲು. ಆದರೂ ಆ 66 ಅಡಿಯಲ್ಲಿ ಯಾರು ಬೇಕಾದರೂ ನಡೆದು ಹೋಗಬಹುದು.